ತುರಿಕೆಯ ಮರ್ಯಾದೆ

ಹೃದ್ರೋಗಕ್ಕಿರುವ ಗೌರವ ಗಜಕರ್ಣಕ್ಕಿಲ್ಲ. ಎದೆನೋವೆಂದು ಜಯದೇವ ಆಸ್ಪತ್ರೆಗೆ ಹೋಗಿಬಂದ ಗೃಹಸ್ಥನ ಮನೆಗೆ ಬಂಧುವರ್ಗವೆಲ್ಲ ಮೋಸಂಬಿ ಹಿಡಿದು ಧಾವಿಸುತ್ತದೆ. ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದವನಿಗೆ ಅರ್ಧ ಮೋಸಂಬಿಯೂ ದಕ್ಕದು. ಹೇಳಿಕೊಳ್ಳಲು ಬಾಯಿಲ್ಲ, ಕೈಗೆ ಮಾತ್ರ ಬಿಡುವಿಲ್ಲ.

ಆಷಾಢದ ಜಡಿಮಳೆಯಲ್ಲಿ ಅರೆ ಒಣಗಿದ ಒಳಉಡುಪನ್ನು ತೊಡುವ ಮಿತವ್ಯಯಿಗಳಿಗೆ ಶಿಲೀಂಧ್ರವು ತಾನಾಗಿ ಒಲಿಯುತ್ತದೆ, ನನಗೂ ಒಲಿಯಿತು. ಸೀಮೆ ಅಗಸೆಯ ಸೊಪ್ಪಿನ ರಸವಾಯಿತು, ಔಷಧಿ ಅಂಗಡಿಯ ಹುಡುಗನು ಪಿಸುದನಿಯಲ್ಲಿ ದಯಪಾಲಿಸಿದ ಟ್ಯೂಬಾಯಿತು. ಕಡಿತ ಕೂಡಲೇ ಅಡಗಿತು. ಅನಂತರ ಕಾಸಿನಗಲದ ಮಂಡಲವು ಚಕ್ರಾಧಿಪತ್ಯವಾಗಿ ಬೆಳೆಯಿತು.

ಹನುಮಂತನಗರದ ಅಡ್ಡರಸ್ತೆಯೊಂದರಲ್ಲಿ ಚರ್ಮವೈದ್ಯರ ಕ್ಲಿನಿಕ್ಕು ಕಾಂಡಿಮೆಂಟ್ಸ್ ಅಂಗಡಿಯ ಮಹಡಿಯ ಮೇಲಿದೆ. ಮೆಟ್ಟಿಲ ಬಾಯಲ್ಲೇ ‘ಚರ್ಮ, ಗುಹ್ಯ ಮತ್ತು ಕುಷ್ಠರೋಗ ತಜ್ಞರು’ ಎಂಬ ಫಲಕ. ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಮೂರು ವರ್ಷದ ಎಂ.ಡಿ. ವ್ಯಾಸಂಗದಲ್ಲಿ ಈ ಮೂರನ್ನೂ ಒಟ್ಟಿಗೇ ಕಲಿಯುವುದು ನಮ್ಮ ವೈದ್ಯಶಿಕ್ಷಣದ ಕ್ರಮವೆಂಬುದೇನೋ ದಿಟ. ಆದರೆ ಆ ನಡುವಣ ಪದದ ಕೆಳಗೆ ಹಾದುಹೋಗುವ ಸದ್ಗೃಹಸ್ಥನ ಶೀಲವನ್ನು, ಅಂಗಡಿಯೆದುರು ಬೈಟು ಕಾಫಿ ಹೀರುವ ಮಹಾಜನರು ತೂಗಿ ನೋಡುವರೆಂಬುದೂ ಅಷ್ಟೇ ದಿಟ.

ಮೊದಲ ಮೆಟ್ಟಿಲಿಗೆ ಪಾದವನ್ನಿಟ್ಟೆನೋ ಇಲ್ಲವೋ, ರಾಮಾಂಜನೇಯ ಗುಡ್ಡದಿಂದ ವಾಯುವಿಹಾರ ಮುಗಿಸಿ ಇಳಿದ ನಿವೃತ್ತ ಮೇಷ್ಟರ ಕಂಠ, ಹಿಂದಿನ ಬೆಂಚಿಗೂ ಕೇಳಿಸುವಂತೆ ಪಳಗಿದ ಕಂಠ, ಮೊಳಗಿತು: ‘ಏನ್ ಸಾರ್, ಮೇಲಕ್ಕೋ?’

‘ಛೆ ಛೆ! ಕೋಡುಬಳೆಗೆ ಬಂದೆ, ಮೇಷ್ಟ್ರೇ.’

ಆಡಿದ ಮಾತಿಗೆ ತಪ್ಪಬಾರದೆಂದು ಕೋಡುಬಳೆ ಕೊಂಡೆ. ಮೇಷ್ಟರು ಹೊರಡಲಿಲ್ಲ, ಹುರಿಗಡಲೆ ಹಿಟ್ಟಿನ ಪಾಕಕ್ಕೂ ಬರಿಯ ಅಕ್ಕಿ ಹಿಟ್ಟಿನ ಪಾಕಕ್ಕೂ ಇರುವ ತಾರತಮ್ಯವನ್ನು ವಿಸ್ತರಿಸತೊಡಗಿದರು. ಆ ಗಳಿಗೆಯನ್ನೇ ಕಾದಿದ್ದಂತೆ ಶಿಲೀಂಧ್ರವು ಜಾಗೃತವಾಯಿತು. ಒಂದು ಕೈಯಲ್ಲಿ ಪೊಟ್ಟಣ, ಇನ್ನೊಂದರಲ್ಲಿ ಅವರೇ ಕೊಡಿಸಿದ ಬಿಸಿ ಕಾಫಿ. ಎರಡು ಕರಗಳೂ ಸಂಸ್ಕೃತಿಗೆ ಮೀಸಲಾಗಿರಲು, ನಾನು ತೊಡೆಗೆ ತೊಡೆ ಒತ್ತಿ, ಒಂಟಿಕಾಲಿನ ತಪಸ್ವಿಯಂತೆ ನಿಂತು, ‘ಹೌದು ಹೌದು, ಓಮಿನ ಕಾಳು ಮುಖ್ಯ’ ಎಂದು ಕಣ್ಣೀರು ತುಂಬಿ ಅನುಮೋದಿಸಿದೆನು. ಮರುದಿನ ನಿಪ್ಪಟ್ಟು, ಅದರ ಮರುದಿನ ಕಾಂಗ್ರೆಸ್ ಕಡಲೆಬೀಜ. ಮನೆಯ ಡಬ್ಬಗಳು ತುಂಬಿದವು. ಮಡದಿಯು ನನ್ನ ಜಿಹ್ವಾಚಾಪಲ್ಯವನ್ನು ಕುರಿತು ಚಿಂತಾಕ್ರಾಂತಳಾದಳು.

ಕಡೆಗೊಮ್ಮೆ ಮಳೆ ಬಿರುಸಾಗಿ ಗೋಷ್ಠಿ ಚದುರಿದಾಗ ಮೇಲೇರಿದೆ. ವೈದ್ಯರು ತೊಡೆಗಿಂತ ಮೊದಲು ಟ್ಯೂಬನ್ನು ಪರೀಕ್ಷಿಸಿದರು. ಅದರಲ್ಲಿದ್ದುದು ಸ್ಟಿರಾಯ್ಡ್: ಉರಿಯೂತವನ್ನು ಅಡಗಿಸಿ, ಶಿಲೀಂಧ್ರವನ್ನು ನಿರಾತಂಕವಾಗಿ ಬೆಳೆಯಬಿಡುವಂಥದು. ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು 2018ರಲ್ಲೇ ವಿಧಿಸಿದೆ. ಅಂಚನ್ನು ಕೆರೆದು ತೆಗೆದ ಹೊಟ್ಟಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿಯಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ವಾರಗಟ್ಟಲೆ ಮಾತ್ರೆ, ಮಂಡಲದ ಅಂಚು ದಾಟಿಯೂ ಮುಲಾಮು, ಒಣ ಬಟ್ಟೆ, ಪ್ರತ್ಯೇಕ ಟವೆಲು ಎಂದು ಬರೆದರು.

ಪಕ್ಕದಲ್ಲಿ ಮಗುವಿನ ಬೆವರುಸಾಲೆ ತೋರಿಸಲು ಬಂದಿದ್ದ ಹೂವಾಡಗಿತ್ತಿಯೊಬ್ಬಳ ಮೊಳಕೈ ಮೇಲೆ ಮಾಸಲು ಮಚ್ಚೆಯೊಂದು ವೈದ್ಯರ ಕಣ್ಣಿಗೆ ಬಿತ್ತು. ‘ಕಣ್ಣು ಮುಚ್ಕೊಳಮ್ಮ, ಮುಟ್ಟಿದಾಗ ಹೇಳು’ ಎಂದು ಅರಳೆಯ ಎಳೆಯಿಂದ ಸವರಿದರು. ಸುತ್ತಲ ಚರ್ಮಕ್ಕೆ ತಗುಲಿದಾಗಲೆಲ್ಲ ‘ಹೂಂ’ ಎಂದಳು. ಮಚ್ಚೆಯ ಮೇಲೆ ಎಳೆ ಆಡುತ್ತಲೇ ಇತ್ತು, ಆಕೆ ಸುಮ್ಮನಿದ್ದಳು. ಫಲಕದ ಮೂರನೆಯ ಪದವದು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹುಔಷಧ ಚಿಕಿತ್ಸೆ ಆರು ತಿಂಗಳು ಅಥವಾ ವರ್ಷ ನಡೆದರೆ ಗುಣವಾಗುವುದು; ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ; ಮನೆ ಬಿಡಬೇಕಿಲ್ಲ, ಮಗುವನ್ನು ಬಿಡಬೇಕಿಲ್ಲ. ಇಷ್ಟನ್ನೂ ವೈದ್ಯರು ನಿಧಾನವಾಗಿ ಹೇಳಿದರು. ಆಕೆ ಕೇಳಿದ್ದೊಂದೇ: ‘ಕೆಳಗಿನೋರಿಗೆ ಗೊತ್ತಾಗುತ್ತಾ, ಸ್ವಾಮಿ?’

ಕೆಳಗಿನವರಲ್ಲಿ ಒಬ್ಬನಾದ ನನಗೆ ಮಹಾಜನರ ಮೇಲೆ ಬಂದ ಸಿಟ್ಟಿಗೆ ಮೇರೆಯಿರಲಿಲ್ಲ. ನನ್ನನ್ನು ನೂಕಿ ಮೆಟ್ಟಿಲು ಹತ್ತಿಸುವುದಕ್ಕೆ ಕಡಿತವಾದರೂ ಇತ್ತು. ಆಕೆಗೆ ಅದೂ ಇರಲಿಲ್ಲ.