ಕಸದಿಂದ ರಸೋತ್ಪತ್ತಿ: ಶೆಟ್ಟರ ಗೊಂಬೆಯನ್ನು ಅನುಲಕ್ಷಿಸಿ ಒಂದು ಶಾಸ್ತ್ರೀಯ ವಿವೇಚನೆ

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಬೆಂಗಳೂರಿನ ಒಂದು ಅಡುಗೆಮನೆ, ಒಂದು ನಡುಮನೆ ಮತ್ತು ಅವೆರಡರ ಮೇಲಿನ ಅಟ್ಟಕ್ಕೆ ಸೀಮಿತ. ಕಾಲ: ನವರಾತ್ರಿಗೆ ಮುಂಚಿನ ಒಂದು ಭಾನುವಾರ, ರಾತ್ರಿ ಊಟವಾದ ಮೇಲೆ. ವಕ್ತೃಗಳು: ಮೂರನೆಯ ತರಗತಿಯ ಮಗಳು, ಅವಳ ತಾಯಿ, ಅವಳ ಅಜ್ಜಿ. ಸಂಶೋಧಕನು ಅದೇ ಮನೆಯ ಯಜಮಾನನಾದ್ದರಿಂದ ಕ್ಷೇತ್ರಕಾರ್ಯದುದ್ದಕ್ಕೂ ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ ಎಂಬ ಮಿತಿಯನ್ನು ಆರಂಭದಲ್ಲೇ ದಾಖಲಿಸುವುದು ಉಚಿತ.

ಮೂಲಪ್ರಮಾಣವು ಶಾಲೆಯ ಡೈರಿಯಲ್ಲಿದೆ. ಮನೆಯಲ್ಲಿ ಬಿದ್ದಿರುವ ಕೆಲಸಕ್ಕೆ ಬಾರದ ಸಾಮಾನುಗಳಿಂದ ಮಗುವು ತಾನೇ ಒಂದು ಅಲಂಕಾರದ ಗೊಂಬೆ ಮಾಡಿ ಸೋಮವಾರ ತರತಕ್ಕದ್ದು. ವಿಧಿವಾಕ್ಯ ಹುಟ್ಟಿದ್ದು ಹಿಂದಿನ ಸೋಮವಾರ; ಪ್ರಕಟವಾದದ್ದು ಭಾನುವಾರ ರಾತ್ರಿ. ನಡುವಿನ ಕಾಲವನ್ನು ಮಗಳು ‘ಮರೆತೇ ಹೋಗಿತ್ತು’ ಎಂದು ವಿವರಿಸುತ್ತಾಳೆ.

ಈ ಕ್ಷೇತ್ರದಲ್ಲಿ ಪೂರ್ವಸೂರಿಗಳಿಲ್ಲವೆಂದಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿಯನ್ನು ನೆನೆಸಿ ಕೊಚ್ಚಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಬೆರೆಸಿ ‘ಕಿಟ್ಟ’ ಎಂಬ ಪಾಕ ಮಾಡಿಕೊಂಡು ಗೊಂಬೆಗಳ ಮೈ ತಿದ್ದುತ್ತ ಬಂದಿದ್ದಾರೆ. ಪಾಪ, ಇದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆಂದು ಅವರಿಗೆ ಯಾರೂ ಹೇಳಲಿಲ್ಲ. ಚಂಡೀಗಢದಲ್ಲಿ ರಸ್ತೆ ಇನ್ಸ್‌ಪೆಕ್ಟರಾಗಿದ್ದ ನೇಕ್ ಚಂದ್ 1957ರಿಂದ ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಸರ್ಕಾರಿ ಕಾಡಿನೊಳಗೆ ಗುಟ್ಟಾಗಿ ಸೇರಿಸಿ ಗೊಂಬೆಗಳ ದಂಡನ್ನೇ ಕಟ್ಟಿದರು. ಅದು ರಾಕ್ ಗಾರ್ಡನ್ ಎಂದು ಜನರಿಗೆ ತೆರೆದದ್ದು 1976ರಲ್ಲಿ. ಅವರಿಗೆ ಕಾಡೂ ಇತ್ತು, ಕಾಲವೂ ಇತ್ತು. ನಮ್ಮ ಸಂಶೋಧಕನಿಗೆ ಇದ್ದದ್ದು ಬೆಳಗಿನ ಸ್ಕೂಲ್ ವ್ಯಾನಿನ ತನಕ. ಇನ್ನು ಅರವಿಂದ ಗುಪ್ತ ಕಾನ್ಪುರದ ಐಐಟಿಯಲ್ಲಿ ಓದಿಯೂ ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬುಗಳಿಂದ ಮಕ್ಕಳ ಕೈಯಲ್ಲೇ ಆಟಿಕೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು. ಮಕ್ಕಳ ಕೈಯಲ್ಲೇ ಮಾಡಿಸುವ ಈ ಪಂಥಕ್ಕೆ ನಮ್ಮ ಬಡಾವಣೆಯಲ್ಲಿ ಅನುಯಾಯಿಗಳು ಸಿಗಲಿಲ್ಲ.

ಈಗ ದ್ರವ್ಯವಿಚಾರ. ಕಸದಿಂದ ರಸ ತೆಗೆಯಲು ಮೊದಲು ಕಸ ಬೇಕಷ್ಟೆ. ಶೋಧನೆ ನಡೆಯಿತು. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇತ್ತು. ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆಹಿಟ್ಟು ಹುದುಗುತ್ತಿತ್ತು. ಹಳೆಯ ಬನಿಯನ್ನು ಗ್ಯಾಸ್ ಕಟ್ಟೆ ಒರೆಸುವ ಹುದ್ದೆಯಲ್ಲಿತ್ತು; ಅಲ್ಲಿಂದ ನಿವೃತ್ತವಾದ ಮೇಲೆ ಸ್ಕೂಟರ್ ಒರೆಸುವ ಹುದ್ದೆ ಅದಕ್ಕೆ ಕಾದಿತ್ತು. ಹಾಲಿನ ಕವರುಗಳು ತೊಳೆದು, ಒಣಗಿ, ಹಳೇ ಪೇಪರಿನವನಿಗಾಗಿ ಕಟ್ಟು ಕಟ್ಟಿಸಿಕೊಂಡು ಕೂತಿದ್ದವು. ‘ಈ ಮನೇಲಿ ಕೆಲಸಕ್ಕೆ ಬಾರದ್ದು ಅಂತ ಯಾವುದೂ ಇಲ್ಲ ಕಣೋ’ ಎಂದರು ಅಜ್ಜಿ, ಸಂಶೋಧಕನನ್ನೇ ತುಸು ಹೊತ್ತು ನೋಡಿ.

ಪೂರ್ವಪಕ್ಷ: ಮದುವೆ ಪತ್ರಿಕೆಗಳಿವೆಯಲ್ಲ? ಮದುವೆ ಮುಗಿದಿದೆ, ಊಟ ಅರಗಿದೆ, ಆದ್ದರಿಂದ ಪತ್ರಿಕೆ ಕಸ. ಸಮಾಧಾನ: ಪತ್ರಿಕೆಯ ತಲೆಯ ಮೇಲೆ ಬಂಗಾರದ ಬಣ್ಣದ ಗಣಪತಿ ಇದ್ದಾನೆ. ಅವನ ಮೇಲೆ ಕತ್ತರಿ ಆಡಿಸುವಂತಿಲ್ಲ, ಅವನನ್ನು ಬಿಸಾಡುವಂತಿಲ್ಲ, ಇಟ್ಟುಕೊಂಡು ಮಾಡುವುದೂ ಏನಿಲ್ಲ. ಇದ್ದೂ ಇಲ್ಲದ, ಇಲ್ಲದೆಯೂ ಇರುವ ಇಂಥದ್ದನ್ನು ಅದ್ವೈತಿಗಳು ಅನಿರ್ವಚನೀಯ ಎನ್ನುತ್ತಾರೆ. ನಮ್ಮಲ್ಲಿ ಅದನ್ನು ಬೀರುವಿನ ಮೇಲೆ ಇಡುತ್ತಾರೆ.

ಸಿದ್ಧಾಂತ: ಕಸವಿಲ್ಲದಲ್ಲಿ ಕಸವನ್ನು ಉತ್ಪಾದಿಸತಕ್ಕದ್ದು. ಅದರಂತೆ ತುಂಬಿದ ಪೌಡರ್ ಡಬ್ಬ ಒಂದು ಸ್ಟೀಲ್ ಲೋಟಕ್ಕೆ ಖಾಲಿಯಾಯಿತು. ಅಜ್ಜಿಯ ಬಿ.ಪಿ. ಮಾತ್ರೆಗಳು ಉಂಡೆ ಡಬ್ಬಿಯಿಂದ ಕುಂಕುಮದ ಭರಣಿಗೆ ವಲಸೆ ಹೋದವು. ಪೌಡರ್ ಡಬ್ಬ ಶೆಟ್ಟಮ್ಮ, ಮಾತ್ರೆ ಡಬ್ಬಿ ಶೆಟ್ಟರು: ದಸರಾ ಗೊಂಬೆ ಸಾಲಿನ ಪುರಾತನ ದಂಪತಿ, ಮುಂದೆ ಅಕ್ಕಿಬೇಳೆಯ ಅಂಗಡಿ ಹರವಿಕೊಂಡು ಕೂರುವವರು. ಆದರೆ ಅಂಗಡಿಯ ಗುಳಿಗಳಿಗೆ ಮೊಟ್ಟೆ ಟ್ರೇ ಒಳ್ಳೆಯದೆಂದು ಡೈರಿ ಸೂಚಿಸಿತ್ತು. ಮನೆ ಮೊಟ್ಟೆ ಕಾಣದ ಮನೆ. ತಾಯಿ ಎದುರುಮನೆಗೆ ಹೋಗಿ, ಸೆರಗಿನ ಮರೆಯಲ್ಲಿ ಟ್ರೇ ತಂದು, ಹಿಂದಿನ ಬಾಗಿಲಿಂದ ಒಳಗಿಟ್ಟು, ಕೆಂಪು ಬಣ್ಣ ಹೊಡೆದಳು. ಉಳಿದದ್ದು ತಲೆಗಳು. ಮನೆಯ ಯಾವ ಮೂಲೆಯಲ್ಲೂ ಅನುಪಯುಕ್ತ ತಲೆ ದೊರೆಯಲಿಲ್ಲ, ಅಥವಾ ದೊರೆತದ್ದನ್ನು ಕಳಚುವಂತಿರಲಿಲ್ಲ. ಆದ್ದರಿಂದ ಸ್ಟೇಷನರಿ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಓಡಿ ಎರಡು ಟಿ.ಟಿ. ಚೆಂಡು, ಫೆವಿಕಾಲ್, ಗ್ಲಿಟರ್, ಅಲ್ಲಾಡುವ ಕಣ್ಣು ಮತ್ತು ಜರಿ ಲೇಸು ತರಲಾಯಿತು. ಅದೇ ಅಂಗಡಿಯ ಗಾಜಿನ ಹಿಂದೆ ಸಿದ್ಧವಾದ ಶೆಟ್ಟರ ಜೋಡಿಯೊಂದು ಕೂತಿತ್ತು. ಅದರ ಬೆಲೆ ವಿಚಾರಿಸುವುದು ಸಂಶೋಧನೆಯ ನೀತಿಗೆ ವಿರುದ್ಧವೆಂದು ಕೈಬಿಡಲಾಗಿದೆ.

ಕರ್ತೃತ್ವದ ಪ್ರಶ್ನೆ ಜಟಿಲ. ಗ್ರಂಥಸಂಪಾದನೆಯ ಕ್ರಮದಲ್ಲಿ ಪರಿಶೀಲಿಸಿದರೆ ಈ ಕೃತಿಯಲ್ಲಿ ಹಲವು ಕೈಗಳು ಕಾಣುತ್ತವೆ. ಪಂಚೆಯ ನೆರಿಗೆ ಅಜ್ಜಿಯದು. ಇನ್ನಾರಿಗೂ ಅಷ್ಟು ಸಣ್ಣ ನೆರಿಗೆ ಹಿಡಿಯಲು ಬರುವುದಿಲ್ಲ. ಮೂಗುತಿ, ಸೆರಗು ತಾಯಿಯವು. ಫೆವಿಕಾಲ್ ಸೋರಿದ ಕಡೆಯಲ್ಲೆಲ್ಲ ಸಂಶೋಧಕನ ಕೈ ಸ್ಪಷ್ಟ. ಮಗಳು ಒಂಬತ್ತೂವರೆಗೆ ಸೋಫಾದ ಮೇಲೆ ನಿದ್ದೆಹೋಗಿದ್ದಳು. ಅದಕ್ಕೂ ಮೊದಲು ಸ್ಕೆಚ್ ಪೆನ್ನಿನಿಂದ ಶೆಟ್ಟರಿಗೊಂದು ಮೀಸೆ ಬರೆದಿದ್ದಳು: ಎಡಗಡೆ ಕಿವಿಯ ತನಕ ಹೋಗಿ, ಬಲಗಡೆ ಮೂಗಿನ ಹತ್ತಿರವೇ ನಿಂತ ಮೀಸೆ. ಮೂಲಪಾಠ ಅದೊಂದೇ, ಉಳಿದದ್ದೆಲ್ಲ ಪ್ರಕ್ಷಿಪ್ತ. ಸೋಮವಾರ ಡೈರಿಯಲ್ಲಿ ಷರಾ ಬಂತು: ತುಂಬ ಚೆನ್ನಾಗಿದೆ, ಮೀಸೆ ಮಾತ್ರ ಇನ್ನಷ್ಟು ಅಚ್ಚುಕಟ್ಟಾಗಿರಬೇಕಿತ್ತು.

ಪ್ರತಿಷ್ಠಾಪನೆಯ ವಿವರಗಳು ಎಲ್ಲರಿಗೂ ಗೊತ್ತಿರುವಂಥವು. ಮೆಟ್ಟಿಲು ಬೆಸಸಂಖ್ಯೆಯಲ್ಲಿ, ಮೇಲೆ ಕಳಶ ಮತ್ತು ಪಟ್ಟದ ಗೊಂಬೆ, ಕೆಳಗೆ ರಾಗಿ ಮೊಳಕೆಯ ಪಾರ್ಕು. ಶೆಟ್ಟರು ಪಾರ್ಕಿನ ಪಕ್ಕ ಕೂತರು. ‘ಅಂಗಡಿಗೆ ಗುಳಿ ಎಷ್ಟು ಲಕ್ಷಣವಾಗಿ ಮಾಡಿದ್ದೀಯೇ’ ಎಂದು ಅಜ್ಜಿ ಸೊಸೆಯನ್ನು ಹೊಗಳಿ, ಟ್ರೇಗೂ ಅರಿಸಿನ ಕುಂಕುಮ ಹಚ್ಚಿದರು. ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದಳು. ತಾಯಿ ಅದರೊಳಗೆ ಒಂದು ಮುಷ್ಟಿ ಕಡಲೆ ಉಸಲಿ ಹಾಕಿದಳು. ಮಾಹಿತಿಯ ಆಕರವೊಂದು ಹೀಗೆ ಮುಚ್ಚಿಹೋಯಿತು.

ಕೊನೆಯದು ವಿಸರ್ಜನಾ ಪ್ರಕರಣ, ಇಲ್ಲಿಯೇ ಶಾಸ್ತ್ರ ಎಡವುವುದು. ಪ್ರತ್ಯೇಕವಾಗಿದ್ದಾಗ ಪ್ಲಾಸ್ಟಿಕ್ ಡಬ್ಬಿ, ತಗಡು, ರಟ್ಟು ಎಲ್ಲವೂ ಮತ್ತೆ ಬಳಕೆಗೆ ಬರುವಂಥವು. ಫೆವಿಕಾಲ್, ಗ್ಲಿಟರ್ ಸೇರಿ ಒಂದೇ ದೇಹವಾದ ಮೇಲೆ ಅವನ್ನು ಗುಜರಿಯವನೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಹಸಿ ಕಸ ಬೇರೆ, ಒಣ ಕಸ ಬೇರೆ. ವಿಜಯದಶಮಿ ಕಳೆದ ಮೇಲೆ ಸಂಶೋಧಕನು ಪಾರ್ಕಿನ ಸಮೇತ ದಂಪತಿಯನ್ನು ಎತ್ತಿಕೊಂಡು ಗೇಟಿಗೆ ಬಂದ.

‘ಇದು ಹಸೀದಾ, ಒಣಗಿದ್ದಾ ಸಾರ್?’ ಎಂದಳು ಕಸದ ಆಟೋದ ಹೆಂಗಸು.

ಶೆಟ್ಟರು ಸ್ವರೂಪತಃ ಒಣ, ರಾಗಿ ಪೈರು ಹಸಿ, ಮಧ್ಯದ ಮೈದಾ ಅಂಟಿನ ಬಗ್ಗೆ ಭಿನ್ನಾಭಿಪ್ರಾಯಗಳಿವೆ ಎಂದು ಸಂಶೋಧಕ ನಿವೇದಿಸಿದ. ಹಿಂದೆ ಕಾರೊಂದು ಹಾರ್ನ್ ಹೊಡೆಯಿತು.

‘ತೀರ್ಮಾನ ಮಾಡ್ಕೊಂಡಿರಿ ಸಾರ್, ನಾಳೆ ಬರ್ತೀನಿ’ ಎಂದು ಅವಳು ಮುಂದಿನ ಮನೆಗೆ ಹೋದಳು.