ಅನಿಶ್ಚಿತತಾಲಿಂಗನ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತಾವನೆ

ಸಮಕಾಲೀನ ಸಂದರ್ಭದ ಬಹುಮುಖಿ ತಲ್ಲಣಗಳ ಹಿನ್ನೆಲೆಯಲ್ಲಿ, ಬದಲಾವಣೆ ಮತ್ತು ಅನಿಶ್ಚಿತತೆಗಳನ್ನು ಮುಖಾಮುಖಿಯಾಗುವ, ಮುಖಾಮುಖಿಯಾದ ಮೇಲೆ ಅಪ್ಪಿಕೊಳ್ಳುವ, ಅಪ್ಪಿಕೊಂಡ ಮೇಲೆ ಬಿಡಿಸಿಕೊಳ್ಳಲಾಗದೆ ಅದನ್ನೇ ತತ್ವವೆಂದು ಕರೆಯುವ ಪ್ರಕ್ರಿಯೆಯನ್ನು ತಾತ್ವಿಕ ನೆಲೆಯಲ್ಲಿ ಅನುಸಂಧಾನಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಸದರಿ ಪ್ರಕ್ರಿಯೆಯನ್ನು ಪಾರಿಭಾಷಿಕವಾಗಿ ‘ಅನಿಶ್ಚಿತತಾಲಿಂಗನ’ ಎಂದು ಕರೆಯಲಾಗಿದೆ. ಈ ಪದ ಯಾವ ನಿಘಂಟಿನಲ್ಲೂ ಇಲ್ಲದಿರುವುದೇ ಈ ಅಧ್ಯಯನದ ಮೊದಲ ಕೊಡುಗೆ.

ವ್ಯಾಪ್ತಿ, ಮಿತಿ ಮತ್ತು ಪ್ರಾಕ್ಕಲ್ಪನೆ

ಅಧ್ಯಯನದ ಕ್ಷೇತ್ರ ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಮಾದರಿ ಸಮೂಹ ಅಲ್ಲಿ ಪಾಠ ಮಾಡುವ 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಯಾವ ಊರಿನಲ್ಲಿ ಪಂಪನನ್ನು ಪಾಠ ಮಾಡುತ್ತೇವೆ, ಮಾಡುತ್ತೇವೆಯೇ ಎಂಬುದು ಕಾಲೇಜು ಹಂಚುವ ಕೌನ್ಸೆಲಿಂಗ್ ಮುಗಿಯುವ ತನಕ ಅವರಿಗೆ ತಿಳಿದಿರುವುದಿಲ್ಲ. ಹೀಗಾಗಿ ಇಷ್ಟು ಶುದ್ಧ ರೂಪದ ಅನಿಶ್ಚಿತತೆ ಪ್ರಯೋಗಾಲಯದಲ್ಲೂ ಸಿಗುವುದು ಕಷ್ಟ. ಪ್ರಾಕ್ಕಲ್ಪನೆ ಇಷ್ಟೇ: ಬದುಕಿನ ಮೇಲಿನ ಹಿಡಿತ ಬಿಟ್ಟವರು ಸುಖಿಗಳು.

ಪೂರ್ವ ಅಧ್ಯಯನಗಳ ಸಮೀಕ್ಷೆ

1998ರಲ್ಲಿ ಅಮೆರಿಕದ ಸ್ಪೆನ್ಸರ್ ಜಾನ್ಸನ್ ಎಂಬವರು ‘ಹೂ ಮೂವ್ಡ್ ಮೈ ಚೀಸ್?’ ಎಂಬ ಪುಟ್ಟ ಪುಸ್ತಕ ಬರೆದರು. ಒಂದು ಚಕ್ರವ್ಯೂಹದಲ್ಲಿ ಎರಡು ಇಲಿಗಳು, ಇಬ್ಬರು ಕುಳ್ಳರು. ಒಂದು ಬೆಳಗ್ಗೆ ಚೀಸ್ ಇಲ್ಲ. ಇಲಿಗಳು ತಕ್ಷಣ ಬೇರೆ ಚೀಸ್ ಹುಡುಕಿಕೊಂಡು ಓಡುತ್ತವೆ, ಮನುಷ್ಯರು ನಿಂತು ಗೋಳಾಡುತ್ತಾರೆ, ಆದ್ದರಿಂದ ಇಲಿಗಳಾಗಿರಿ. ಅಮೆರಿಕದ ಕಂಪನಿಗಳು ಕೆಲಸ ಕಡಿತದ ಕಾಲದಲ್ಲಿ ಇದನ್ನು ಕಟ್ಟುಗಟ್ಟಲೆ ಕೊಂಡು ನೌಕರರಿಗೆ ಹಂಚಿದವು. ಪುಸ್ತಕದ ಹೆಸರೇ ಒಂದು ಪ್ರಶ್ನೆ. ಚೀಸ್ ಎತ್ತಿಟ್ಟವರು ಯಾರು ಎಂಬ ಉತ್ತರ ಮಾತ್ರ ಒಳಗೆಲ್ಲೂ ಇಲ್ಲ.

ಹೈಸೆನ್‌ಬರ್ಗ್ 1927ರಲ್ಲಿ ಮಂಡಿಸಿದ ಅನಿಶ್ಚಿತತಾ ತತ್ವವನ್ನು ಉಲ್ಲೇಖಿಸದ ಪ್ರೇರಣಾ ಭಾಷಣ ನಮ್ಮಲ್ಲಿ ಅಪರೂಪ. ಕಣದ ಸ್ಥಾನ ಮತ್ತು ಸಂವೇಗ ಎರಡನ್ನೂ ಒಟ್ಟಿಗೆ ಕರಾರುವಾಕ್ಕಾಗಿ ಅಳೆಯಲಾಗದು ಎಂದಷ್ಟೇ ಆತ ಹೇಳಿದ್ದು. ಪ್ರಸ್ತುತ ಕ್ಷೇತ್ರಕ್ಕೆ ಇದರ ಅನ್ವಯ ಹೀಗಿದೆ: ಯಾವ ಕಾಲೇಜು ಎಂಬುದು ಖಚಿತವಾದ ಕ್ಷಣದಲ್ಲಿ ಗೌರವಧನ ಯಾವ ತಿಂಗಳು ಬರುತ್ತದೆ ಎಂಬುದು ಮಸುಕಾಗುತ್ತದೆ, ಗೌರವಧನ ಕೈಸೇರುವ ಹೊತ್ತಿಗೆ ಸೆಮಿಸ್ಟರ್ ಮುಗಿದು ಕಾಲೇಜೇ ಕೈಬಿಟ್ಟಿರುತ್ತದೆ.

ಇನ್ನು ಸ್ಟೋಯಿಕ್ ತತ್ವಜ್ಞಾನಿಗಳ ವಿಷಯ. ಅವರಲ್ಲಿ ಎಪಿಕ್ಟೀಟಸ್ ಗುಲಾಮನಾಗಿದ್ದವನು, ಮಾರ್ಕಸ್ ಆರೇಲಿಯಸ್ ಚಕ್ರವರ್ತಿ. ಕಾರ್ಯಾಗಾರಗಳಲ್ಲಿ ಯಾವಾಗಲೂ ಕೇಳಿಬರುವುದು ಚಕ್ರವರ್ತಿಯ ಹೆಸರು. ಬುದ್ಧನನ್ನೂ ಬಿಡುವುದಿಲ್ಲ, ಎಲ್ಲವೂ ಅನಿತ್ಯ ಎಂದನಲ್ಲ! ಆದರೆ ಸಿದ್ಧಾರ್ಥ ಅರಮನೆಯನ್ನು ತಾನಾಗಿ ಬಿಟ್ಟು ಹೋದ. ಸೆಮಿಸ್ಟರ್ ಮುಗಿಯಿತೆಂದು ಯಾರೂ ಅವನನ್ನು ಬಿಡುಗಡೆ ಮಾಡಿರಲಿಲ್ಲ.

ವರ್ಗೀಕರಣ

ಅನಿಶ್ಚಿತತಾಲಿಂಗಕರನ್ನು ಮೂಲತಃ ಎರಡು ವರ್ಗಗಳಾಗಿಯೂ, ಅವುಗಳನ್ನು ಏಳು ಉಪವರ್ಗಗಳಾಗಿಯೂ ವಿಂಗಡಿಸಬಹುದು.

(ಅ) ಸ್ಥಾವರ ವರ್ಗ: ಕಾಯಂ ಹುದ್ದೆಯಲ್ಲಿದ್ದು ಅನಿಶ್ಚಿತತೆಯನ್ನು ಬೋಧಿಸುವವರು. ಉಪವರ್ಗಗಳು: 1. ನಿವೃತ್ತಿಯ ಅಂಚಿನವರು, 2. ನಿವೃತ್ತರಾಗಿ ಸಂಪನ್ಮೂಲ ವ್ಯಕ್ತಿಗಳಾದವರು, 3. ಸಂಪನ್ಮೂಲ ಮಾತ್ರ ಇರುವವರು.

(ಆ) ಜಂಗಮ ವರ್ಗ: ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನು ಕೇಳುವವರು. ಉಪವರ್ಗಗಳು: 1. ನೆಟ್, ಸ್ಲೆಟ್ ಆದವರು, 2. ಪಿಎಚ್.ಡಿ. ಆದವರು, 3. ಎರಡೂ ಆಗಿ ಏನೂ ಆಗದವರು, 4. ಇತ್ಯಾದಿ.

ವಚನಕಾರರ ಕಾಲದಲ್ಲಿ ಅಳಿಯುವುದು ಸ್ಥಾವರವಾಗಿತ್ತು, ಉಳಿಯುವುದು ಜಂಗಮ. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಏಳನೇ ವೇತನ ಆಯೋಗದ ಶಿಫಾರಸಿನ ನಂತರ ಈ ಸಿದ್ಧಾಂತವನ್ನು ಮರುಪರಿಶೀಲಿಸುವ ಅಗತ್ಯವಿದೆ. ‘ಇತ್ಯಾದಿ’ಯನ್ನು ಇನ್ನಷ್ಟು ವಿಂಗಡಿಸಬಹುದಿತ್ತು, ಬೇಡ, ಅವರಿಗೂ ಅದು ಸಾಕಾಗಿದೆ.

ಕ್ಷೇತ್ರಕಾರ್ಯ

ಬದಲಾವಣೆಯನ್ನು ಅಪ್ಪಿಕೊಳ್ಳುವುದು ಹೇಗೆಂಬ ಬಗ್ಗೆ ಕಾಲೇಜೊಂದರಲ್ಲಿ ನಡೆದ ಕಾರ್ಯಾಗಾರದಲ್ಲಿ ಸಂಶೋಧಕನು ಭಾಗವಹಿಸುವ ವೀಕ್ಷಕನಾಗಿ ಹಾಜರಿದ್ದನು. (ಹಾಜರಾತಿ ಕಡ್ಡಾಯವಿತ್ತು.) ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿಗಳಾದ ಮೇಲೆ ಸಂಪನ್ಮೂಲ ವ್ಯಕ್ತಿಗಳು ‘ಕಂಫರ್ಟ್ ಝೋನ್’ನಿಂದ ಹೊರಬನ್ನಿ ಎಂದು ಕರೆಕೊಟ್ಟರು. ಹಿಂದಿನ ಸಾಲಿನಿಂದ ಒಬ್ಬ ಉಪನ್ಯಾಸಕಿ ಎದ್ದು ನಿಂತರು.

‘ಸರ್, ಈ ಸಲ ಕೌನ್ಸೆಲಿಂಗ್ ಯಾವಾಗ ಅಂತ ತಮಗೇನಾದ್ರೂ ಗೊತ್ತಾ?’

‘ನೋಡಿ ಮೇಡಂ, ಇದೇ ನಿಮ್ಮ ಸಮಸ್ಯೆ. ಯಾವಾಗ್ಲೂ ನಾಳೆ ಏನು ಅಂತ ಕೇಳ್ತೀರಿ. ಈ ಕ್ಷಣದಲ್ಲಿ ಬದುಕಿ.’

ಆ ಮೇಡಂ ಕೂತರು. ಊಟದ ಹೊತ್ತಿಗೆ ಸಂಪನ್ಮೂಲ ವ್ಯಕ್ತಿಗಳ ವಾಪಸ್ ರೈಲಿನ ಟಿಕೆಟ್ ಆರ್‌ಎಸಿಯಲ್ಲಿದೆ ಎಂಬ ಸಂಗತಿ ಬಯಲಾಯಿತು. ಅನ್ನದ ಮೇಲೆ ಹಾಕಿದ ಸಾರು ತಣ್ಣಗಾಗುವ ತನಕ ಅವರು ಪಿಎನ್‌ಆರ್ ನೋಡುತ್ತಲೇ ಇದ್ದರು. ಬರ್ತ್ ಖಾತ್ರಿ ಮಾಡಿಸಲು ಯಾರಾದರೂ ಪರಿಚಯದವರು ರೈಲ್ವೆಯಲ್ಲಿದ್ದಾರೆಯೇ ಎಂದು ಪ್ರಾಂಶುಪಾಲರನ್ನು ಕೇಳಿದರು. ಪ್ರಾಂಶುಪಾಲರು ಅತಿಥಿ ಉಪನ್ಯಾಸಕರನ್ನು ಕೇಳಿದರು. ಅರ್ಧ ಬರ್ತಿನ ಅನಿಶ್ಚಿತತೆಯನ್ನೂ ಆ ದಿನ ಯಾರೂ ಆಲಿಂಗಿಸಲಿಲ್ಲ.

ದತ್ತಾಂಶ ವಿಶ್ಲೇಷಣೆ

2006ರ ಏಪ್ರಿಲ್ ತಿಂಗಳನ್ನು ಅನಿಶ್ಚಿತತಾ ಶಾಸ್ತ್ರದ ಸಂಕ್ರಮಣ ಕಾಲವೆನ್ನಬಹುದು. ಆ ತಿಂಗಳ 1ರಿಂದ ಕರ್ನಾಟಕ ಸರ್ಕಾರಿ ಸೇವೆಗೆ ಸೇರುವವರಿಗೆ ಹಳೆಯ ಪಿಂಚಣಿ ಹೋಗಿ ಎನ್‌ಪಿಎಸ್ ಬಂತು; ಮುದಿತನದ ಮೊತ್ತ ಮಾರುಕಟ್ಟೆಯನ್ನು ನೆಚ್ಚಿಕೊಂಡಿತು. 10ರಂದು ‘ಕರ್ನಾಟಕ ಸರ್ಕಾರ ವಿರುದ್ಧ ಉಮಾದೇವಿ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ತಾತ್ಕಾಲಿಕವಾಗಿ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂದಿತು. ಹತ್ತು ದಿನಗಳೊಳಗೆ ಸ್ಥಾವರಕ್ಕೂ ಜಂಗಮಕ್ಕೂ ಒಂದೊಂದು ಪಾಲು.

ಇವುಗಳನ್ನು ಎರಡೂ ವರ್ಗದವರು ಹೇಗೆ ಸ್ವೀಕರಿಸಿದರು? ಸ್ಥಾವರ ವರ್ಗ 2023ರ ಮಾರ್ಚ್ 1ರಂದು ರಾಜ್ಯದ ಕಚೇರಿಗಳಿಗೆಲ್ಲ ಬೀಗ ಬೀಳುವಂತೆ ಮುಷ್ಕರ ಹೂಡಿತು. ಬೇಡಿಕೆಗಳಲ್ಲಿ ಎನ್‌ಪಿಎಸ್ ರದ್ದತಿಯೂ ಒಂದು. ಅಂದೇ ಶೇಕಡ 17 ಮಧ್ಯಂತರ ಪರಿಹಾರ ಪಡೆದು ಕೆಲಸಕ್ಕೆ ಮರಳಿತು. ಇದರಲ್ಲಿ ತಪ್ಪೇನೂ ಇಲ್ಲ. ನಿಶ್ಚಿತತೆಯ ಬೆಲೆ ಅದನ್ನು ಉಂಡವರಿಗೆ ಗೊತ್ತು. ಮಾರುಕಟ್ಟೆಯನ್ನು ಆಲಿಂಗಿಸಿ ಎಂದು ಅವರಿಗೆ ಕಾರ್ಯಾಗಾರ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ, ಅಷ್ಟೆ.

ಜಂಗಮ ವರ್ಗದ ಗೌರವಧನ ತಿಂಗಳಿಗೆ 11,000 ಮತ್ತು 13,000 ರೂಪಾಯಿಯಲ್ಲಿತ್ತು. ದೀರ್ಘ ಮುಷ್ಕರದ ಬಳಿಕ 2022ರ ಜನವರಿಯಲ್ಲಿ ಗರಿಷ್ಠ 32,000ಕ್ಕೆ ಏರಿತು. ಜೊತೆಗೇ ವಾರದ ಪಾಠವೂ 15 ಗಂಟೆಗೆ ಏರಿತು. ಒಬ್ಬರಿಗೆ ಹೆಚ್ಚು ಪಾಠ ಕೊಟ್ಟ ಮೇಲೆ ಇನ್ನೊಬ್ಬರಿಗೆ ಪಾಠ ಎಲ್ಲಿಂದ ಬರಬೇಕು? ವರ್ಷಗಟ್ಟಲೆ ದುಡಿದವರು ಪಟ್ಟಿಯಿಂದ ಉದುರಿದರು. ಮತ್ತೆ ಮುಷ್ಕರ. 2024ರ ಜನವರಿ ಆರಂಭದಲ್ಲಿ ತುಮಕೂರಿನಿಂದ ಬೆಂಗಳೂರಿನ ದಾರಿ ಹಿಡಿದು ಅವರು ನಡೆದರು, ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಧೂಳಿನಲ್ಲಿ. ಜಂಗಮತ್ವದ ಇಷ್ಟು ಶಾಸ್ತ್ರೋಕ್ತ ನಿರೂಪಣೆ ಬೇರೆಲ್ಲೂ ದಾಖಲಾಗಿಲ್ಲ.

ಬದಲಾವಣೆಗೆ ಅವರು ಒಗ್ಗಲಿಲ್ಲ ಎಂದು ಯಾರಾದರೂ ಹೇಳುವುದಿದ್ದರೆ ಒಂದು ವಿಷಯ ಗಮನಿಸಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ ರಾಜ್ಯವೆಂದು 2021-22ರಲ್ಲಿ ಬೀಗಿದೆವು: ನಾಲ್ಕು ವರ್ಷದ ಪದವಿ, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ. 2024-25ಕ್ಕೆ ಮತ್ತೆ ಮೂರು ವರ್ಷದ ಪದವಿ. ಪಠ್ಯ ಬಂದ ದಿನವೇ ಪಾಠ ಶುರು ಮಾಡಿ, ಹೋದ ದಿನವೇ ಮರೆತು, ಹೊಸದನ್ನು ರಾತ್ರಿ ಓದಿ ಬೆಳಗ್ಗೆ ಹೇಳಿಕೊಟ್ಟವರು ಇದೇ ಪ್ಲಾಸ್ಟಿಕ್ ಕುರ್ಚಿಯವರು.

ವಿರುದ್ಧ ಪುರಾವೆ

ಅನಿಶ್ಚಿತತೆಯ ನಿಜವಾದ ಪಂಡಿತರು ನಮ್ಮ ಬಯಲುಸೀಮೆಯ ರೈತರು. ರೋಹಿಣಿಯಿಂದ ಸ್ವಾತಿಯವರೆಗೆ ಯಾವ ಮಳೆ ಬರುತ್ತದೆ, ಯಾವುದು ಕೈಕೊಡುತ್ತದೆ ಎಂದು ಗೊತ್ತಿಲ್ಲದೆಯೇ ತಲೆಮಾರುಗಳನ್ನು ಕಳೆದವರು. ಪ್ರಾಕ್ಕಲ್ಪನೆಯ ಪ್ರಕಾರ ಅವರು ಕೈಚೆಲ್ಲಿ ಆಕಾಶವನ್ನು ಅಪ್ಪಿಕೊಂಡು ಕೂರಬೇಕಿತ್ತು. ಅವರು ಮಾಡಿದ್ದೇನು? ರಾಗಿ ಹೊಲದಲ್ಲಿ ಅವರೆ, ಜೋಳ, ಹರಳಿನ ಅಕ್ಕಡಿ ಸಾಲು ಹಾಕಿದರು. ಒಂದು ಹೋದರೆ ಇನ್ನೊಂದಿರಲಿ ಎಂದು. ಕೆರೆ ಕಟ್ಟಿದರು, ತೂಬು ಇಟ್ಟರು, ನೀರು ಬಿಡಲು ನೀರುಗಂಟಿಯನ್ನು ನೇಮಿಸಿದರು. ನೆಲ ತೋಡಿ ಹಗೇವು ಮಾಡಿ ರಾಗಿ ತುಂಬಿ ಬಾಯಿ ಮುಚ್ಚಿದರು. ವರ್ಷಗಳ ನಂತರ ತೆಗೆದರೂ ಮುದ್ದೆಗೆ ಬರುವ ಹಾಗೆ. ಬೀಜದ ರಾಗಿಯನ್ನು ಹಸಿದಾಗಲೂ ಮುಟ್ಟಲಿಲ್ಲ. ಮಳೆ ತಮ್ಮ ಕೈಯಲ್ಲಿಲ್ಲ ಎಂದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಹಗೇವು.

ಇಷ್ಟು ಹೊತ್ತು ಹಲ್ಲು ಕಚ್ಚಿಕೊಂಡು ಪಾರಿಭಾಷಿಕ ಪದಗಳಲ್ಲಿ ಮಾತಾಡಿದ್ದಾಯಿತು. ನಾನು ಬಲ್ಲ ಅತಿಥಿ ಉಪನ್ಯಾಸಕರಲ್ಲಿ ಒಬ್ಬರ ಶಿಷ್ಯ ಅದೇ ಕಾಲೇಜಿಗೆ ಕಾಯಂ ಆಗಿ ಬಂದು ವಿಭಾಗದ ಮುಖ್ಯಸ್ಥನಾದ. ಗುರುಗಳು ಅವನಿಗೆ ‘ಸರ್’ ಎನ್ನುತ್ತಾರೆ. ಅವನಿಗೆ ಮುಜುಗರ, ಅವರಿಗೆ ರೂಢಿ. ನೇಮಕಾತಿ ಅಧಿಸೂಚನೆಗೆ ಕಾದು ಕಾದು ವಯೋಮಿತಿ ದಾಟಿದವರಿದ್ದಾರೆ. ಸಾಲದ ಅರ್ಜಿಯಲ್ಲಿ ‘ಕಾಯಂ/ತಾತ್ಕಾಲಿಕ’ ಎಂಬ ಸಾಲಿಗೆ ಬಂದು ಪೆನ್ನು ಮುಚ್ಚಿದವರಿದ್ದಾರೆ. ಬೇಸಿಗೆ ರಜೆಯಲ್ಲಿ ಗೌರವಧನವಿಲ್ಲ. ಮನೆ ಬಾಡಿಗೆಗೆ, ಮಕ್ಕಳ ಫೀಸಿಗೆ ರಜೆಯಿಲ್ಲ. ಇವರ ಮುಂದೆ ಮೈಕು ಹಿಡಿದು ಹಿಡಿತ ಬಿಡಿ ಎನ್ನುತ್ತೀರಲ್ಲ, ಯಾವ ಹಿಡಿತ ಸ್ವಾಮಿ? ಇವರ ಮುಷ್ಟಿಯಲ್ಲಿ ಹಿಡಿಯಲು ನೀವು ಏನು ಕೊಟ್ಟಿದ್ದೀರಿ? ಬದಲಾವಣೆಗೆ ಅಂಜಬಾರದು ಎಂಬುದು ದೊಡ್ಡ ಮಾತೇ. ಆದರೆ ಅದನ್ನು ಹೇಳುವವನ ಮನೆಯಲ್ಲಿ ಹಗೇವು ತುಂಬಿದ್ದು, ಕೇಳುವವನ ಮನೆಯಲ್ಲಿ ಬೀಜದ ರಾಗಿಯೂ ಮುಗಿದಿದ್ದರೆ ಅದು ತತ್ವವಲ್ಲ, ಬಾಯಿ ಮುಚ್ಚಿಸುವ ಉಪಾಯ.

ಮುಂದಿನ ಸಂಶೋಧನೆಗೆ ಸಲಹೆಗಳು

ಸಂಪನ್ಮೂಲ ವ್ಯಕ್ತಿಗಳ ಸಂಭಾವನೆ ಮತ್ತು ಪ್ರಯಾಣ ಭತ್ಯೆಯನ್ನು ‘ಅನುದಾನ ಬಂದ ಮೇಲೆ’ ಕೊಡುವುದಾಗಿ ತಿಳಿಸಿ, ಅವರ ಉಪನ್ಯಾಸದ ಅವಧಿಯಲ್ಲಿ ಆಗುವ ವ್ಯತ್ಯಾಸವನ್ನು ದಾಖಲಿಸಬಹುದು.

ಎರಡನೆಯದು ದೊಡ್ಡ ಯೋಜನೆ. ಮಾದರಿ ಸಮೂಹಕ್ಕೆ ಒಂದು ಶೈಕ್ಷಣಿಕ ವರ್ಷ ಪೂರ್ತಿ ಹನ್ನೆರಡು ತಿಂಗಳ ಸಂಬಳವನ್ನು, ಪ್ರತಿ ತಿಂಗಳೂ ಅದೇ ತಾರೀಕಿಗೆ, ಅದೇ ಊರಿನಲ್ಲಿ ಕೊಟ್ಟು ನೋಡಬೇಕು. ಅನಿಶ್ಚಿತತೆಯನ್ನು ಅಪ್ಪಿಕೊಳ್ಳುವ ಅವರ ಸಾಮರ್ಥ್ಯ ಇದರಿಂದ ಎಷ್ಟು ಕುಸಿಯುತ್ತದೆ ಎಂಬುದನ್ನು ವರ್ಷಾಂತ್ಯಕ್ಕೆ ಅಳೆಯಬಹುದು. ಇಂಥ ಅಪಾಯಕಾರಿ ಪ್ರಯೋಗಕ್ಕೆ ಒಪ್ಪುವವರು ಸಿಗುತ್ತಾರೆಯೇ ಎಂಬ ಆತಂಕ ಮಾರ್ಗದರ್ಶಕರಿಗೆ ಬೇಡ.