ಕೂತು ಓಡಿಸುವ ಹುಲ್ಲಿನ ಗಾಡಿ

ಅಮೆರಿಕದಲ್ಲಿ ಹುಲ್ಲು ಬೆಳೆಸುವುದು ದನಕ್ಕೆ ಹಾಕಲಿಕ್ಕಲ್ಲ, ಕತ್ತರಿಸಿ ಎಸೆಯಲಿಕ್ಕೆ. ನಾವಿರುವ ಒಹಾಯೊದ ಎಷ್ಟೋ ಊರುಗಳಲ್ಲಿ ಅಂಗಳದ ಹುಲ್ಲು ಮಿತಿಮೀರಿ ಎದ್ದರೆ ನಗರಾಡಳಿತದ ನೋಟಿಸು ಬರುತ್ತದೆ. ಜಗ್ಗದಿದ್ದರೆ ಅವರೇ ಆಳು ಕಳಿಸಿ ಕತ್ತರಿಸಿ, ಖರ್ಚನ್ನು ಮನೆಯವರ ತಲೆಗೆ ಕಟ್ಟುತ್ತಾರೆ. ಅದಕ್ಕೇ ಅಂಗಳ ದೊಡ್ಡದಿದ್ದವರೆಲ್ಲ ಕೂತು ಓಡಿಸುವ ಮೋವರ್ ಕೊಳ್ಳುತ್ತಾರೆ. ಸ್ಟಿಯರಿಂಗು, ಹೆಡ್‌ಲೈಟು, ಕಾಫಿ ಲೋಟ ಇಡಲೊಂದು ಗುಳಿ, ಎಲ್ಲ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ಸ್ಟಾರ್ಟ್ ಆಗುವ ಬುದ್ಧಿಯೊಂದು ಇರುವುದಿಲ್ಲ.

ಈ ವಂಶದ ಮೂಲಪುರುಷ ಎಡ್ವಿನ್ ಬಡ್ಡಿಂಗ್. ಇಂಗ್ಲೆಂಡಿನ ಸ್ಟ್ರೌಡ್ ಕಡೆಯವನು. ಉಣ್ಣೆ ಬಟ್ಟೆಯ ಜುಂಗು ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ, ಇದನ್ನೇ ಹುಲ್ಲಿಗೂ ಹಿಡಿಯಬಾರದೇಕೆ ಎಂದುಕೊಂಡು 1830ರಲ್ಲಿ ಪೇಟೆಂಟ್ ಪಡೆದ. ಅದು ತಳ್ಳುವ ಯಂತ್ರ. ಬ್ಯಾಟರಿ ಇಲ್ಲ, ಕೀ ಇಲ್ಲ. ಸ್ಟಾರ್ಟ್ ಆಗಲಿಲ್ಲ ಎಂಬ ದೂರೂ ಇಲ್ಲ. ಮುಂದೆ ಬಂದವರಿಗೆ ಕೂರುವ ಚಪಲ ಹುಟ್ಟಿತು ನೋಡಿ, ತಾಪತ್ರಯ ಅಲ್ಲಿಂದ ಶುರು.

ಮೊದಲ ದೀಪಾವಳಿಗೆ ಬಂದ ಅಳಿಯನಿಗೆ ನಡೆದಂತೆ ಕೂರುವ ಗಾಡಿಗೂ ಸ್ಟಾರ್ಟ್ ಮಾಡುವಾಗ ಉಪಚಾರವೆಲ್ಲ ಕ್ರಮವಾಗಿ ನಡೆಯಬೇಕು. ಬ್ರೇಕ್ ಪೂರ್ತಿ ಒತ್ತಿರಬೇಕು. ಬ್ಲೇಡಿನ ಲಿವರ್ ಆಫ್ ಇರಬೇಕು. ಸೀಟಿನ ಮೇಲೆ ಒಂದು ಜೀವ ಕೂತಿರಬೇಕು, ಅದಕ್ಕೂ ಕೆಳಗೊಂದು ಸ್ವಿಚ್. ಇಷ್ಟೆಲ್ಲ ಮಾಡಿ ಕೀ ತಿರುಗಿಸಿದರೂ ಈ ಸಲ ನಮ್ಮ ಗಾಡಿ ತುಟಿಪಿಟಕ್ ಎನ್ನಲಿಲ್ಲ.

ನಾನು ಸ್ಪ್ಯಾನರ್ ತರಲು ಎದ್ದೆ. ಅರಸೀಕೆರೆ ತೋಟದಿಂದ ಮೊಮ್ಮಗಳನ್ನು ನೋಡಲು ಬಂದಿದ್ದ ಅಪ್ಪ ತಡೆದರು. "ಮೊದಲು ಸದ್ದು ಕೇಳೋ, ಸ್ಪ್ಯಾನರ್ ಆಮೇಲೆ." ಜೀವಮಾನವಿಡೀ ಪಂಪ್‌ಸೆಟ್ಟಿನ ಜೊತೆ ಹೆಣಗಿದವರು. ಅವರ ಶಾಸ್ತ್ರ ಇಷ್ಟೇ: ಕಟಕಟಕಟ ಎಂದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಅದರ ಟರ್ಮಿನಲ್ಲಿಗೆ ಬಿಳಿ ಹುಡಿ ಹಿಡಿದಿದೆ. ಒಂದೇ ಸಲ ಕಟಕ್ ಎಂದು ಸುಮ್ಮನಾದರೆ ಸೊಲೆನಾಯ್ಡ್ (ಮೋಟರಿಗೆ ಕರೆಂಟು ಬಿಡುವ ಸ್ವಿಚ್) ಅಥವಾ ಸ್ಟಾರ್ಟರ್ ಮೋಟರ್. ಏನೂ ಸದ್ದಿಲ್ಲವೆಂದರೆ ದಾರಿಯಲ್ಲೆಲ್ಲೋ ಕರೆಂಟು ನಿಂತಿದೆ.

ಮೀಟರ್ ಹಿಡಿದರೆ ಬ್ಯಾಟರಿ 12.6 ವೋಲ್ಟ್, ಕಲ್ಲುಗುಂಡು. ಫ್ಯೂಸೂ ಸರಿ. ಅಪ್ಪ ಬ್ಲೇಡ್ ಆಫ್, ಗೇರ್ ನ್ಯೂಟ್ರಲ್ ಎಂದು ಕಣ್ಣಾರೆ ನೋಡಿಕೊಂಡು, ಉದ್ದನೆಯ ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳನ್ನು ಒಟ್ಟಿಗೆ ಮುಟ್ಟಿಸಿದರು. ಚಟ್ ಎಂದು ಕಿಡಿ ಹಾರಿತು, ಎಂಜಿನ್ ಗಿರ್ರನೆ ತಿರುಗಿತು, ನನ್ನ ಹೆಂಡತಿ ಕಿಟಕಿಯಿಂದ ಕಿರುಚಿದಳು. ಮೂರೂ ಒಂದೇ ಗಳಿಗೆಯಲ್ಲಿ. ಅಂದರೆ ಮೋಟರ್ ಸರಿಯಿದೆ, ತಕರಾರು ಸ್ವಿಚ್ಚುಗಳ ಸಾಲಿನಲ್ಲಿದೆ. (ಇದನ್ನು ನೀವು ಮಾಡಬೇಡಿ, ಹತ್ತಿರ ಪೆಟ್ರೋಲ್ ಇರುತ್ತದೆ, ಮತ್ತು ಎಲ್ಲರಿಗೂ ನನ್ನಪ್ಪನ ಕೈ ಇರುವುದಿಲ್ಲ.)

ಬಗ್ಗಿ ನೋಡಿದರೆ ಬ್ರೇಕ್ ಪೆಡಲಿನ ಸ್ವಿಚ್ಚಿಗೆ ಹೋಗುವ ವೈರಿನ ಸಿಪ್ಪೆ ಸುಲಿದು, ತಾಮ್ರ ತುಂಡಾಗಿತ್ತು. ಪಕ್ಕದಲ್ಲೇ ಒಣಹುಲ್ಲು, ಸೀಟಿನ ಸ್ಪಂಜು, ನನ್ನದೇ ಹಳೆಯ ಕೈಗವಸಿನ ಉಣ್ಣೆ ಸೇರಿಸಿ ಕಟ್ಟಿದ ಅಚ್ಚುಕಟ್ಟಾದ ಗೂಡು. ಚಳಿಗಾಲಪೂರ್ತಿ ಒಂದು ಇಲಿ ಸಂಸಾರ ಬಾಡಿಗೆಯಿಲ್ಲದೆ ಬಾಳಿ ಹೋಗಿದೆ. ವೈರು ಕೂಡಿಸಿ ಟೇಪು ಸುತ್ತಿದೆವು.

ಈಗ ಕೀ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ! ಇದು ಬೇರೆಯೇ ಕಾಯಿಲೆ. ಇಲ್ಲಿನ ಪೆಟ್ರೋಲಿಗೆ ಸಾಮಾನ್ಯವಾಗಿ ನೂರಕ್ಕೆ 10ರಷ್ಟು ಎಥನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಹಳಸಿ ಕಾರ್ಬೊರೇಟರಿನೊಳಗೆ ಅಂಟಾಗುತ್ತದೆ. ಟ್ಯಾಂಕಿನ ಕೊಳಾಯಿ ಮುಚ್ಚಿ ಕೆಳಗಿನ ಬಟ್ಟಲು ಬಿಚ್ಚಿದರೆ ಹಳೆ ಪೇಂಟಿನ ವಾಸನೆ. ಪೆಟ್ರೋಲ್ ಹಾಯುವ ಹಿತ್ತಾಳೆ ಜೆಟ್ಟನ್ನು ಅಪ್ಪ ಬೆಳಕಿಗೆ ಹಿಡಿದರು, ತೂತೇ ಕಾಣಲಿಲ್ಲ.

"ಸ್ಟೋವ್ ಪಿನ್ ಇದ್ರೆ ಕೊಡೋ" ಎಂದರು. ಸೀಮೆಎಣ್ಣೆ ಸ್ಟೋವನ್ನೇ ಕಾಣದ ದೇಶದಲ್ಲಿ ಪಿನ್ ಎಲ್ಲಿಂದ ತರಲಿ? ಮಗಳು ತನ್ನ ಗಿಟಾರಿನಿಂದ ತೆಗೆದಿಟ್ಟ ಹಳೆಯ ಸಣ್ಣ ತಂತಿ ತಂದುಕೊಟ್ಟಳು. ತೂತಿನಲ್ಲಿ ಮೆಲ್ಲಗೆ ಆಡಿಸಿದಾಗ ಹಸಿರು ಅಂಟಿನ ಒಂದು ಚೂರು ಉದುರಿತು. ಸಾಸಿವೆಯಷ್ಟೂ ಇರಲಿಲ್ಲ. ಅಷ್ಟು ದೊಡ್ಡ ಗಾಡಿಯನ್ನು ಹಿಡಿದು ನಿಲ್ಲಿಸಿದ್ದು ಅದು. ಹಳೆ ಪೆಟ್ರೋಲ್ ತೆಗೆದು ಹೊಸದು ಹಾಕಿದ ಮೇಲೆ ಎರಡು ಸಲ ಕೆಮ್ಮಿ, ಹೊಗೆಯುಗುಳಿ ಹೊರಟಿತು. ಮೊದಲ ಸುತ್ತು ಅಪ್ಪನದೇ, ಪಂಚೆ ಮೇಲೆ ಕಟ್ಟಿಕೊಂಡು.

ಇಲ್ಲಿರುವ ಕನ್ನಡ ಬಂಧುಗಳಲ್ಲಿ ಒಂದು ವಿನಂತಿ: ಶರತ್ಕಾಲದ ಕೊನೆಯ ಕತ್ತರಿಕೆ ಮುಗಿದ ಕೂಡಲೇ ಟ್ಯಾಂಕ್ ಖಾಲಿ ಮಾಡಿ, ಇಲ್ಲವೇ ಪೆಟ್ರೋಲ್ ಹಳಸದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ. ಬ್ಯಾಟರಿ ಬಿಚ್ಚಿ ಒಳಗಿಡಿ. ಇಲಿಗೆ ಮಾತ್ರ ನನ್ನಲ್ಲಿ ಉಪಾಯವಿಲ್ಲ, ನಿಮ್ಮಲ್ಲಿದ್ದರೆ ಚಳಿ ಶುರುವಾಗುವ ಮೊದಲೇ ತಿಳಿಸಿ.